ಸೈನ್ಯ ಹಳಿಗಾಗಿ ಕಾದದ್ದು ಯಾಕೆ?

ಕೋಲಾರದ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಸವಾರರು) ಇದ್ದ ಬ್ರಿಟಿಷ್ ದಂಡು 1918ರ ಸೆಪ್ಟೆಂಬರಿನಲ್ಲಿ ಐದೇ ದಿನದಲ್ಲಿ ತುರ್ಕರಿಂದ ಪ್ಯಾಲೆಸ್ತೀನಿನ ಹೈಫಾ ಗೆದ್ದಿತು. ಅದೇ ಬ್ರಿಟಿಷ್ ಸೈನ್ಯಕ್ಕೆ ಮೊದಲು ಈಜಿಪ್ಟಿನ ಸಿನಾಯ್ ಮರಳುಗಾಡು ದಾಟಲು ತಿಂಗಳುಗಟ್ಟಲೆ ಹಿಡಿಯಿತು. ರೈಲು ಹಳಿ ಹಾಕುತ್ತಾ ಕೂತದ್ದು ಸೇನಾಪತಿಯ ಪುಕ್ಕಲುತನ ಅಲ್ವಾ? ಸೆಪ್ಟೆಂಬರ್ 23ಕ್ಕೆ ಮಕ್ಕಳನ್ನು ಬೆಂಗಳೂರಿನ ಲ್ಯಾನ್ಸರ್ಸ್ ಸ್ಮಾರಕಕ್ಕೆ ಕರೆದೊಯ್ಯುತ್ತೇನೆ. ಏನು ಹೇಳಲಿ?"

ಪುಕ್ಕಲುತನ ಅಲ್ಲ ಮೇಷ್ಟ್ರೇ, ನೀರು. ಬೇಸಿಗೆಯಲ್ಲಿ ಟ್ಯಾಂಕರ್ ಬರದಿದ್ದರೆ ಏನಾಗುತ್ತದೆ ಅಂತ ಕೋಲಾರದವರಿಗೆ ನಾನು ಹೇಳಬೇಕಿಲ್ಲ. ಸಿನಾಯ್ ಬಾವಿಗಳದ್ದು ಉಪ್ಪುನೀರು. ಕುದುರೆಗಳೇ ಮೂತಿ ತಿರುಗಿಸುತ್ತಿದ್ದವು. ಬಿಸಿಲಲ್ಲಿ ಒಂದು ಕುದುರೆಗೆ ದಿನಕ್ಕೆ 30 ಲೀಟರಿಗೂ ಜಾಸ್ತಿ ನೀರು ಬೇಕು. ಅದರ ಮೇಲೆ ಮೇವು, ಮದ್ದುಗುಂಡು. ಇಷ್ಟನ್ನೂ ಒಂಟೆಗಳಷ್ಟೇ ಹೊತ್ತು ಎಷ್ಟು ದೂರ ಹೋದಾವು?

ಹಾಗಾಗಿ 1916ರಲ್ಲಿ ಆಗಿನ ಬ್ರಿಟಿಷ್ ಸೇನಾಪತಿ ಜನರಲ್ ಮರ್ರೆ ಸೂಯೆಜ್ ಕಾಲುವೆಯ ದಡದ ಕಂತಾರಾದಿಂದ ಪೂರ್ವಕ್ಕೆ ಹಳಿ ಹಾಕಿಸಿದರು. ಹಳಿಯ ಜೊತೆಗೇ 12 ಅಂಗುಲದ ಪೈಪಿನಲ್ಲಿ ನೈಲ್ ನದಿಯ ನೀರು ಸಾಗಿತು. ಆ ಆಗಸ್ಟಿನಲ್ಲಿ ತುರ್ಕರು ಹಳಿಯ ತುದಿಯ ಹತ್ತಿರ, ರೊಮಾನಿಯಲ್ಲಿ, ಮೇಲೆ ಬಿದ್ದರು. ಸೋತು ಹಿಂದೆ ಸರಿದರು. 1917ರ ಜನವರಿಗೆ ಹಳಿ ಸುಮಾರು 150 ಕಿ.ಮೀ. ಆಚೆಯ ಎಲ್ ಅರಿಶ್ ಮುಟ್ಟಿತು. ಹಳಿ ಎಲ್ಲಿಗೋ ಸೈನ್ಯ ಅಲ್ಲಿಗೆ. ಅದನ್ನು ಹಾಕಿದವರು ಈಜಿಪ್ಟಿನ ಕೂಲಿಗಳು. ಮುಂದೆ ರೈತರನ್ನು ಬಲವಂತದಿಂದಲೂ ಎಳೆದೊಯ್ದರು. ಆ ಸಿಟ್ಟು 1919ರಲ್ಲಿ ಈಜಿಪ್ಟ್ ದಂಗೆಯೆದ್ದಾಗ ಹೊರಬಿತ್ತು. ಸ್ಮಾರಕಗಳಲ್ಲಿ ಇವರ ಹೆಸರು ಸಿಗುವುದು ಅಪರೂಪ. ನನಗೆ ಇದು ತುಂಬಾ ನೋವಿನ ಸಂಗತಿ.

ಇನ್ನು ಹೈಫಾ. ಅಷ್ಟು ಹೊತ್ತಿಗೆ ಅಲೆನ್‌ಬಿ ಸೇನಾಪತಿ, ಹಳಿ ಪ್ಯಾಲೆಸ್ತೀನಿನ ಒಳಕ್ಕೆ ಬಂದಿತ್ತು. ಸೆಪ್ಟೆಂಬರ್ 19ಕ್ಕೆ ದಾಳಿ ಶುರು. ಮರುದಿನವೇ ಕುದುರೆ ದಂಡು ಅಫೂಲಾ ಜಂಕ್ಷನ್ ಹಿಡಿದು ತುರ್ಕರ ರೈಲು ದಾರಿ ಕಡಿಯಿತು. ನೀವು ಹೇಳಿದ ವೇಗದ ಗುಟ್ಟು ಜಾಸ್ತಿ ಅಲ್ಲೇ ಇದೆ. ಆದರೆ ಈಗ ಸವಾರರು ತಮ್ಮ ಹಳಿಯನ್ನೂ ಹಿಂದೆ ಬಿಟ್ಟಿದ್ದರು. ಡಮಾಸ್ಕಸ್ ಕಡೆಗೆ ಹೋಗಲು ಹಡಗಿನಲ್ಲಿ ಸಾಮಾನು ಇಳಿಸುವ ಬಂದರು ಬೇಕಿತ್ತು. ಹೈಫಾ ಬೇಕಾದದ್ದು ಅದಕ್ಕೇ. 23ರಂದು ಮೈಸೂರು, ಜೋಧಪುರದ ಸವಾರರು ಫಿರಂಗಿ, ಮಷೀನ್ ಗನ್‌ಗಳ ಎದುರು ಭರ್ಜಿ ಹಿಡಿದು ನುಗ್ಗಿದರು. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಸ್ಮಾರಕಕ್ಕೆ ಹೋಗುವಾಗ ಒಂದು ಭೂಪಟ ಒಯ್ಯಿರಿ. ಕಂತಾರಾ, ಎಲ್ ಅರಿಶ್, ಅಫೂಲಾ, ಹೈಫಾ, ಇಷ್ಟನ್ನೂ ಮಕ್ಕಳ ಕೈಯಲ್ಲೇ ಗುರುತು ಮಾಡಿಸಿ. ಹಳಿ ಹಾಕಿದವರ ಕಥೆಯನ್ನೂ ಅಲ್ಲೇ ಹೇಳಿ.