ಓದುಗರ ಪ್ರಶ್ನೆಗೆ ಉತ್ತರ: ಕೌಂಟರಿನ ನಡುವೆ ಕೂರುವ ಸ್ಟೌ

ಪ್ರಶ್ನೆ: ಅಡುಗೆಮನೆ ಹೊಸದಾಗಿ ಮಾಡಿಸುತ್ತಿದ್ದೇವೆ. ಎರಡು ಕಟ್ಟೆಗಳ ನಡುವೆ ತಳ್ಳಿ ಕೂರಿಸುವ, ಕೆಳಗೆ ಓವನ್ ಇರುವ 30 ಇಂಚಿನ ಸ್ಲೈಡ್-ಇನ್ ಸ್ಟೌ ಆರಿಸಿದ್ದೇವೆ. ಕಲ್ಲು ಕತ್ತರಿಸುವವರಿಗೆ ಎಷ್ಟು ಅಗಲ ಹೇಳಬೇಕು?

ಉತ್ತರ: ಸ್ಟೌ ಜೊತೆ ಬರುವ ಅಳವಡಿಕೆ ಹಾಳೆ ಕೈಗೆ ಬರುವ ತನಕ ಕಲ್ಲಿಗೆ ಗರಗಸ ಹಾಕಿಸಬೇಡಿ. 30 ಇಂಚಿನ ಮಾದರಿಗಳ ಒಡಲು ಸಾಮಾನ್ಯವಾಗಿ 30 ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಇರುತ್ತದೆ. ಹೆಚ್ಚಿನವು 76.2 ಸೆಂ.ಮೀ. ಜಾಗ ಕೇಳುತ್ತವೆ. ಮೇಲ್ಭಾಗದ ಅಂಚು ಮಾತ್ರ ಎರಡೂ ಬದಿಯ ಕಲ್ಲಿನ ಮೇಲೆ ಕೆಲವು ಮಿಲಿಮೀಟರ್ ಚಾಚಿಕೊಂಡು ಸಂದನ್ನು ಮುಚ್ಚುತ್ತದೆ.

ಜಾಗವನ್ನು ಒಂದೇ ಕಡೆ ಅಳೆದರೆ ಸಾಲದು. ಮುಂದೆ, ನಡುವೆ, ಹಿಂದೆ ಅಳೆಯಿರಿ. ಅದನ್ನೇ ನೆಲದ ಮಟ್ಟದಲ್ಲೂ ಕಟ್ಟೆಯ ಮಟ್ಟದಲ್ಲೂ ಮಾಡಿ. ಆರು ಅಳತೆಗಳಲ್ಲಿ ಅತಿ ಚಿಕ್ಕದೇ ನಿಮ್ಮ ನಿಜವಾದ ಅಗಲ. ಗೋಡೆ ಓರೆಯಾಗಿದ್ದರೆ ಕ್ಯಾಬಿನೆಟ್ಟುಗಳು ಹಿಂದಕ್ಕೆ ಹೋದಂತೆ ಕಿರಿದಾಗುತ್ತವೆ. ಸ್ಟೌ ಅರ್ಧ ಒಳಹೋಗಿ ಸಿಕ್ಕಿಕೊಳ್ಳುವುದು ಅದಕ್ಕೇ. ಆಗ ಕಲ್ಲು ಉಜ್ಜುವುದಕ್ಕಿಂತ ಮೊದಲೇ ಕ್ಯಾಬಿನೆಟ್ ಸಡಿಲಿಸಿ ನೇರ ಮಾಡುವುದು ಎಷ್ಟೋ ಸುಲಭ.

ಇನ್ನೊಂದು ವಿಷಯವನ್ನು ಕಲ್ಲಿನ ಕೆಲಸದವರಿಗೆ ಬರೆದೇ ಕೊಡಿ: ಸ್ಟೌ ಕಡೆಯ ಅಂಚು ಚಪ್ಪಟೆಯಾಗಿ, ಚೌಕವಾಗಿ ಇರಲಿ, ಪಾಲಿಶ್ ಆಗಿರಲಿ. ಮುಂದಿನ ಅಂಚಿನಂತೆ ಅದನ್ನೂ ದುಂಡಗೆ ಮಾಡಿಬಿಟ್ಟರೆ ಸ್ಟೌ ಅಂಚು ಕೂರಲು ಸಮತಲವೇ ಸಿಗುವುದಿಲ್ಲ, ಅಲ್ಲಿ ಎಣ್ಣೆ ಇಳಿಯುವ ಸಂದು ಉಳಿಯುತ್ತದೆ. ಮೂಲೆಯಲ್ಲಿ ಡ್ರಾಯರ್ ಇದ್ದರೆ ಅದು ಓವನ್ ಹಿಡಿಕೆಗೆ ತಾಗದೆ ತೆರೆಯುತ್ತದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ.

ಪ್ರಶ್ನೆ: ನೆಲಕ್ಕೆ ಹೊಸ ಟೈಲ್ಸ್ ಹಾಕಿದ ಮೇಲೆ ಸ್ಟೌ ಕಟ್ಟೆಗಿಂತ ತಗ್ಗಿನಲ್ಲಿ ನಿಂತಿದೆ, ಒಂದು ಬದಿಯ ಅಂಚು ಕಲ್ಲಿಗೆ ತಾಗಿ ಗೀರು ಬಿದ್ದಿದೆ. ಏನು ಮಾಡಲಿ?

ಉತ್ತರ: ಟೈಲ್ಸ್ ಸ್ಟೌ ಅಡಿಯವರೆಗೂ ಹೋಗಿದೆಯೇ ಎಂದು ಮೊದಲು ನೋಡಿ. ಮುಂದಿನ ತನಕ ಮಾತ್ರ ಹಾಕಿ ನಿಲ್ಲಿಸಿದ್ದರೆ ಸ್ಟೌ ಗುಂಡಿಯಲ್ಲಿ ನಿಂತಂತಾಗುತ್ತದೆ. ಕಾಲುಗಳನ್ನು ಎತ್ತರಿಸಿ ಮಟ್ಟ ಸರಿ ಮಾಡಿಕೊಂಡರೂ, ಮುಂದೆ ದುರಸ್ತಿಗೆ ಹೊರಗೆಳೆಯುವಾಗ ಟೈಲ್ಸಿನ ತುದಿ ಅಡ್ಡ ಬರುತ್ತದೆ. ಅಡಿಯಲ್ಲೂ ಅದೇ ದಪ್ಪದ ಟೈಲ್ಸ್ ಹಾಕಿಸಿ. ಮಾಮೂಲಿ ಕಟ್ಟೆಯ ಎತ್ತರ 36 ಇಂಚು, ಅಂದರೆ 91.4 ಸೆಂ.ಮೀ. ಇದನ್ನು ಟೈಲ್ಸ್ ಮುಗಿದ ನೆಲದಿಂದ ಅಳೆಯಬೇಕು, ಬರಿ ಸಿಮೆಂಟ್ ನೆಲದಿಂದಲ್ಲ.

ಗೀರು ಬೀಳದಂತೆ ಕೂರಿಸಲು ಒಂದು ಕ್ರಮವಿದೆ. ಸ್ಟೌ ಹೊರಗಿರುವಾಗಲೇ ನಾಲ್ಕೂ ಕಾಲುಗಳನ್ನು ತಿರುಗಿಸಿ, ಅದರ ಅಂಚು ಕಲ್ಲಿಗಿಂತ 2–3 ಮಿ.ಮೀ. ಮೇಲಿರುವಂತೆ ಮಾಡಿ. ನೆಲಕ್ಕೆ ಗಟ್ಟಿ ರಟ್ಟಿನ ಹಲಗೆ ಹಾಸಿ, ಇಬ್ಬರು ಸೇರಿ ಒಡಲಿನ ಕೆಳಭಾಗ ಹಿಡಿದು ತಳ್ಳಿ. ಓವನ್ ಹಿಡಿಕೆ ಹಿಡಿದು ಎತ್ತಿದರೆ ಬಾಗಿಲಿನ ಕೀಲು ಸೊಟ್ಟಗಾಗುತ್ತದೆ. ಒಳಗೆ ಬಂದ ಮೇಲೆ ಕಾಲುಗಳನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಅಂಚು ಕಲ್ಲಿಗೆ ತಾಗಿಯೂ ತಾಗದಂತಿರುವಾಗ ನಿಲ್ಲಿಸಿ. ಸ್ಟೌ ಭಾರ ಕಾಲುಗಳ ಮೇಲೇ ಇರಬೇಕು. ಅಂಚಿನ ಮೇಲೆ ನೇತಾಡಿದರೆ ಗಾಜಿನ ಮೇಲ್ಮೈ ಇರುವ ಮಾದರಿಗಳು ಬಿರುಕು ಬಿಡಬಹುದು.

ರಸಮಟ್ಟವನ್ನು ಓವನ್ ಒಳಗಿನ ಜಾಲರಿಯ ಮೇಲಿಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ಇದು ತಪ್ಪಿದ್ದರೆ ಬಾಣಲೆಯ ಎಣ್ಣೆ ಒಂದೇ ಕಡೆ ಸೇರುತ್ತದೆ, ಕೇಕ್ ಒಂದು ಬದಿ ಉಬ್ಬಿ ಇನ್ನೊಂದು ಬದಿ ಕುಗ್ಗುತ್ತದೆ.

ಪ್ರಶ್ನೆ: ಸ್ಟೌ ಹಿಂದೆ ಎರಡು ಬೆರಳಗಲ ಸಂದು ಉಳಿದಿದೆ. ಸಿಲಿಕೋನ್ ತುಂಬಿ ಮುಚ್ಚಬಹುದೇ?

ಉತ್ತರ: ಬೇಡವೇ ಬೇಡ. ಸ್ಟೌವನ್ನು ಗೋಡೆಗೋ ಕಲ್ಲಿಗೋ ಅಂಟಿಸಿದರೆ ಮುಂದೆ ಎಳೆಯುವಾಗ ಕಲ್ಲಿನ ಅಂಚೇ ಕಿತ್ತು ಬರಬಹುದು. ಸಂದು ಮುಚ್ಚಲು ಕಟ್ಟೆಗೆ ಹಾಕಿದ ಕಲ್ಲಿನದೇ ಪಟ್ಟಿಯನ್ನೋ ತಯಾರಕರು ಕೊಡುವ ಸ್ಟೀಲ್ ಪಟ್ಟಿಯನ್ನೋ ಬಳಸಿ. ಕಲ್ಲಿನ ಪಟ್ಟಿಗೆ ಅಡಿಯಿಂದ ಆಧಾರ ಕೊಟ್ಟು, ಸಿಲಿಕೋನನ್ನು ಗೋಡೆಯ ಬದಿಗೆ ಮಾತ್ರ ಹಾಕಿ. ಅನೇಕ ಓವನ್ನುಗಳ ಬಿಸಿಗಾಳಿ ಹಿಂಭಾಗದ ಕಂಡಿಯಿಂದಲೇ ಹೊರಬರುತ್ತದೆ, ಪಟ್ಟಿ ಅದನ್ನು ಮುಚ್ಚಬಾರದು.

ಗೋಡೆ ಟೈಲ್ಸ್ ಇನ್ನೂ ಆಗಿಲ್ಲವೆಂದರೆ ಅದೃಷ್ಟ. ಸ್ಟೌ ಬರುವ ಜಾಗದಲ್ಲಿ ಟೈಲ್ಸನ್ನು ಕಟ್ಟೆಯ ಮಟ್ಟಕ್ಕಿಂತ ಸುಮಾರು 5 ಸೆಂ.ಮೀ. ಕೆಳಗಿನ ತನಕ ಇಳಿಸಿ. ಈ ಸ್ಟೌಗಳಿಗೆ ಹಿಂದೆ ಎತ್ತರದ ಫಲಕ ಇರುವುದಿಲ್ಲ, ಟೈಲ್ಸ್ ಇಳಿಸದಿದ್ದರೆ ಬರಿ ಗಾರೆ ಗೋಡೆ ಎದ್ದು ಕಾಣುತ್ತದೆ.

ಪ್ರಶ್ನೆ: ಪೆಟ್ಟಿಗೆಯಲ್ಲಿ ಬಂದ ಒಂದು ಲೋಹದ ಕೊಂಡಿಯನ್ನು ಕೆಲಸದವರು ಹಾಕದೇ ಬಿಟ್ಟಿದ್ದಾರೆ. ಅದು ಅಗತ್ಯವೇ?

ಉತ್ತರ: ಅದು ಸ್ಟೌ ಮುಂದಕ್ಕೆ ಮಗುಚದಂತೆ ತಡೆಯುವ ಬ್ರಾಕೆಟ್. ಅದಿಲ್ಲದೆ ಸ್ಟೌ ಹಚ್ಚಬೇಡಿ. ತೆರೆದ ಓವನ್ ಬಾಗಿಲು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಅದರ ಮೇಲೆ ಮಗು ಹತ್ತಿದರೆ ಇಡೀ ಸ್ಟೌ ವಾಲಿ, ಮೇಲೆ ಕುದಿಯುತ್ತಿರುವುದೆಲ್ಲ ಮಗುವಿನ ಮೇಲೇ ಸುರಿಯುತ್ತದೆ. ಬ್ರಾಕೆಟನ್ನು ಕೈಪಿಡಿ ಹೇಳಿದ ಜಾಗದಲ್ಲಿ ನೆಲಕ್ಕೋ ಗೋಡೆಗೋ ಬಿಗಿಯಬೇಕು. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಬಂದ್ ಇರಲಿ, ಕಾಂಕ್ರೀಟ್ ಸಿಕ್ಕ ಮೇಲೆ ಹಾಕಿ. ಸ್ಟೌ ತಳ್ಳಿದ ನಂತರ ಕೆಳಗಿನ ಡ್ರಾಯರ್ ತೆಗೆದು, ಟಾರ್ಚ್ ಹಿಡಿದು, ಹಿಂದಿನ ಕಾಲು ಬ್ರಾಕೆಟ್ಟಿನೊಳಗೆ ಸೇರಿದೆಯೇ ನೋಡಿ. ಪ್ರತಿಸಲ ಸ್ಟೌ ಎಳೆದು ಇಟ್ಟಾಗಲೂ ಇದನ್ನು ಮಾಡಬೇಕು.

ಪ್ರಶ್ನೆ: ಹಳೆಯ ಗ್ಯಾಸ್ ಪೈಪನ್ನೇ ಬಳಸಬಹುದೇ?

ಉತ್ತರ: ಇಲ್ಲ. ಬಾಗಿ ಬಾಗಿ ಒಮ್ಮೆ ಒಗ್ಗಿದ ಪೈಪನ್ನು ಮತ್ತೆ ತಿರುಚಿದರೆ ಸೀಳುತ್ತದೆ. ಹೊಸದನ್ನು ಹಾಕಿಸಿ, ಸ್ಟೌ ಎಳೆಯದೆಯೇ ಕೈಗೆಟಕುವಂತೆ ಪಕ್ಕದ ಕ್ಯಾಬಿನೆಟ್ಟಿನಲ್ಲಿ ವಾಲ್ವ್ ಇಡಿಸಿ. ಜೋಡಣೆ ಪರವಾನಗಿ ಇರುವವರ ಕೆಲಸ. ಮುಗಿದ ಮೇಲೆ ಪ್ರತಿ ಕೂಡುಜಾಗಕ್ಕೂ ಸೋಪಿನ ನೀರು ಹಚ್ಚಿಸಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ, ವಾಲ್ವ್ ಮುಚ್ಚಿ ಮತ್ತೆ ಜೋಡಿಸಬೇಕು. ಬೆಂಕಿಕಡ್ಡಿ ಗೀರಿ ಎಂದೂ ಪರೀಕ್ಷಿಸಬೇಡಿ. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸಿಗೆ ಬದಲಾಗುತ್ತಿದ್ದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ರಂಧ್ರದ ಜೆಟ್ಟುಗಳನ್ನೂ ಬದಲಿಸಬೇಕು, ರೆಗ್ಯುಲೇಟರನ್ನೂ ಹೊಂದಿಸಬೇಕು. ಸಿಲಿಂಡರಿನ ಸಣ್ಣ ಜೆಟ್ಟಿನಲ್ಲಿ ಪೈಪ್ ಗ್ಯಾಸ್ ಸಣ್ಣಗೆ ಉರಿಯುತ್ತದೆ. ಪೈಪ್ ಗ್ಯಾಸಿನ ದೊಡ್ಡ ಜೆಟ್ಟಿಗೆ ಸಿಲಿಂಡರ್ ಕೊಟ್ಟರೆ ಜ್ವಾಲೆ ಎತ್ತರಕ್ಕೆ ಹಳದಿಯಾಗಿ ಎದ್ದು ಪಾತ್ರೆಗೆ ಮಸಿ ಹಿಡಿಯುತ್ತದೆ, ಇದು ಅಪಾಯಕಾರಿ.