ನೀಲಿ ಗೆರೆ ಮತ್ತು ಮೂರು ತೆಂಗಿನ ಮರ

ಉಳ್ಳಾಲದ ಓದುಗರಿಗೆ,

ನಿಮ್ಮ ಪತ್ರದ ಸಿಟ್ಟು ಅರ್ಥವಾಯಿತು. ವಿಶ್ವವಿದ್ಯಾಲಯದ ಹುಡುಗರು ಬಂದು ನಿಮ್ಮ ಮನೆ ಎದುರಿನ ಕರೆಂಟ್ ಕಂಬಕ್ಕೆ ನೀಲಿ ಗೆರೆ ಎಳೆದು, 'ಕಡಲಮಟ್ಟ ಏರುತ್ತಿದೆ, ಮುಂದೆ ಇಲ್ಲಿವರೆಗೆ ನೀರು' ಎಂದರಂತೆ. 'ಅಜ್ಜನ ಕಾಲದಿಂದ ಕಡಲ್ಕೊರೆತ ನೋಡಿದ ನಮಗೆ ಪಾಠ ಹೇಳಲು ಇವರು ಯಾರು? ಸುಮ್ನೆ ಫೋಟೊಕ್ಕೆ ಬಂದವರು' ಎಂದು ಬರೆದಿದ್ದೀರಿ.

ಫೋಟೊ ತೆಗೆದದ್ದು ಹೌದು. ಈಗ ಯಾರು ತೆಗೆಯುವುದಿಲ್ಲ ಹೇಳಿ! ನಾನೂ ಒಂದು ಭಾನುವಾರ ಅವರ ಜೊತೆ ಹೋಗಿದ್ದೆ. ಒಬ್ಬಳು ಹುಡುಗಿ ಕುಚ್ಚಲಕ್ಕಿಯ ಎರಡು ಕಾಳನ್ನು ಒಂದರ ಮೇಲೊಂದು ಇಟ್ಟು, 'ಕಡಲು ವರ್ಷಕ್ಕೆ ಏರುವುದು ಇಷ್ಟೇ' ಎಂದಳು. ಮೀನು ಕೊಯ್ಯುತ್ತಿದ್ದ ಹೆಂಗಸು ನಕ್ಕರು. 'ಇಷ್ಟಕ್ಕೆ ಹೆದರಬೇಕಾ ಮಗಾ?' ಹುಡುಗಿಗೆ ಉತ್ತರ ಹೊಳೆಯಲಿಲ್ಲ.

ಅವಳ ಲೆಕ್ಕ ಮಾತ್ರ ಸರಿ ಇತ್ತು. 2006ರಿಂದ 2018ರವರೆಗೆ ಜಗತ್ತಿನ ಕಡಲಮಟ್ಟ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. 1901ರಿಂದ 1971ರವರೆಗೆ ಅದು 1.3 ಇತ್ತು. ಬಿಸಿಯಾದ ನೀರು ಉಬ್ಬುತ್ತದೆ, ಹಿಮ ಕರಗಿದ ನೀರೂ ಬಂದು ಸೇರುತ್ತದೆ. 1901ರಿಂದ 2018ಕ್ಕೆ ಒಟ್ಟು 20 ಸೆಂಟಿಮೀಟರ್, ಹತ್ತಿರ ಹತ್ತಿರ ಒಂದು ಗೇಣು.

ನಿಮ್ಮ ಮಾತಿನಲ್ಲೂ ಅರ್ಧ ನಿಜವಿದೆ. ಕಡಲ್ಕೊರೆತ ಬೇರೆ, ಕಡಲಮಟ್ಟದ ಏರಿಕೆ ಬೇರೆ. ಮಳೆಗಾಲದ ಅಲೆ ಕೊಂಡುಹೋದ ಮರಳಲ್ಲಿ ಬಹುಪಾಲು ದೀಪಾವಳಿ ಕಳೆದ ಮೇಲೆ ತಿರುಗಿ ಬರುವುದುಂಟು. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿಗೆ ತಡೆಗೋಡೆ ಕಟ್ಟಿ, ಹೊಳೆಯ ಮರಳನ್ನೂ ಲಾರಿಗೆ ತುಂಬಿಸಿದರೆ ಬರುವುದೆಲ್ಲಿಂದ? ಆ ತಪ್ಪನ್ನೂ ಕಡಲಮಟ್ಟದ ತಲೆಗೆ ಕಟ್ಟಬಾರದು. ಇಸವಿ ಬರೆಯದ ನೀಲಿ ಗೆರೆ ನನಗೂ ಇಷ್ಟವಾಗಲಿಲ್ಲ. ಹೆದರಿಸಿದಂತಾಯಿತು, ತಿಳಿಸಿದಂತಾಗಲಿಲ್ಲ.

ಆದರೆ ಆ ಗೇಣನ್ನು ತಳ್ಳಿಹಾಕಬೇಡಿ ಮಾರಾಯ್ರೆ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ದೂರದಲ್ಲೇ ಹಾದು ಗುಜರಾತಿನಲ್ಲಿ ದಡ ಮುಟ್ಟಿತು. ಆದರೂ ಉಳ್ಳಾಲ, ಸೋಮೇಶ್ವರದಲ್ಲಿ ಏನಾಯಿತೆಂದು ನನಗಿಂತ ನಿಮಗೆ ಜಾಸ್ತಿ ಗೊತ್ತು. ಅಲೆ ಏಳುವುದು ಇದ್ದ ನೀರಿನ ಮೇಲೆ ಅಲ್ವಾ? ನೀರೇ ಒಂದು ಗೇಣು ಮೇಲಿದ್ದರೆ ಅಲೆ ಇನ್ನೂ ಒಳಗೆ ಬರುತ್ತದೆ. ಆಟಿ ತಿಂಗಳ ಜಡಿಮಳೆ, ಅಮಾವಾಸ್ಯೆಯ ಭರತ (ಕಡಲ ಉಬ್ಬರ) ಒಟ್ಟಿಗೆ ಬಂದ ದಿನ ನೇತ್ರಾವತಿ, ಫಲ್ಗುಣಿಯ ನೀರು ಕಡಲಿಗೆ ಇಳಿಯಲು ಒದ್ದಾಡುತ್ತದೆ. ಆಗ ತಗ್ಗಿನ ಮನೆಗಳಿಗೆ ನಾಲ್ಕು ಬೆರಳು ನೀರೂ ದೊಡ್ಡದೇ. ಮೀನು ಕೊಯ್ಯುವ ಆ ತಾಯಿಗೆ ಹುಡುಗಿ ಇದನ್ನು ಹೇಳಬೇಕಿತ್ತು.

ಪತ್ರದ ಕೊನೆಯಲ್ಲಿ ನೀವು ಹೇಳಿದ ಎರಡು ಸಂಗತಿ ಆ ಹುಡುಗರ ಬಳಿ ಇಲ್ಲ. ಅಜ್ಜ ನೆಟ್ಟ ಹದಿನಾಲ್ಕು ತೆಂಗಿನಲ್ಲಿ ಉಳಿದದ್ದು ಮೂರು. ಬಾವಿ ನೀರು ಈಗ ಚಹಾಕ್ಕೂ ಆಗುವುದಿಲ್ಲ. ನೀವು ಒಪ್ಪಿದರೆ ಮುಂದಿನ ಭಾನುವಾರ ಅವರನ್ನು ಕಳಿಸುತ್ತೇನೆ. ಬಣ್ಣದ ಡಬ್ಬ ಬೇಡ, ಟೇಪು ಮತ್ತು ನೋಟ್‌ಬುಕ್ ಸಾಕು ಎಂದಿದ್ದೇನೆ. ಯಾವ ಮರ ಯಾವ ಮಳೆಗಾಲದಲ್ಲಿ ಬಿತ್ತು, ಬಾವಿ ಯಾವಾಗ ಉಪ್ಪಾಯಿತು ಎಂದು ಸ್ವಲ್ಪ ನೆನಪು ಮಾಡಿಟ್ಟಿರಿ. ಬೊಂಡ ಕೊಡುವುದು ಬಿಡುವುದು ನಿಮ್ಮಿಷ್ಟ.

- ಸಂಪಾದಕ