ಹತ್ತೊಂಬತ್ತು ಖಾಲಿ ಸಾಲುಗಳು

"ಮೇಡಂ, 19 ಗಂಟೆ ಪ್ರಾರ್ಥನೆ ಬಾಕಿ ಇದೆ. 61 ಅಧ್ಯಾಯ ಓದೋದು ಬಾಕಿ ಇದೆ. ಎಷ್ಟು ಮಾಡಿದರೂ ತೀರ್ತಾ ಇಲ್ಲ."

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದು ಕೂತವರು ಹೇಳಿದ ಮೊದಲ ಮಾತು ಇದು. ಸಾಲದ ಕಂತು ಕಟ್ಟಲಾಗದವರ ದನಿ ಇತ್ತು ಅದರಲ್ಲಿ. ಐವತ್ತರ ಆಸುಪಾಸಿನ ವಯಸ್ಸು. ತಮ್ಮ ಚರ್ಚಿನ ಸಭೆಯಲ್ಲಿ ಹಿರಿಯರು. ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಾಕಿ ತೀರಿಸಲು ಕೂರುತ್ತಿದ್ದರು. ನಡುವೆ ತೂಕಡಿಕೆ ಬಂದರೆ ಆ ಅಧ್ಯಾಯ ಲೆಕ್ಕಕ್ಕಿಲ್ಲ ಅಂತ ಮತ್ತೆ ಮೊದಲಿನಿಂದ ಓದುತ್ತಿದ್ದರು.

ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕಾರಣ, ಇಂಥವರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದ್ದಾರೆ. ಉಪವಾಸದ ದಿನ ಜ್ವರದ ಮಾತ್ರೆ ನುಂಗಿದೆ ಅಂತ ವಾರವಿಡೀ ಅತ್ತ ಹುಡುಗಿ. ತಂಗಿ ಬೇರೆ ಸಭೆಗೆ ಹೋದಳು ಅಂತ ಅವಳ ಜೊತೆ ಮಾತೇ ಬಿಟ್ಟ ಅಕ್ಕ. ಕಥೆಗಳು ಬೇರೆ ಬೇರೆ. ಒಳಗಿರುವ ಭಯ ಮಾತ್ರ ಒಂದೇ. ನನ್ನ ಲೆಕ್ಕ ತಪ್ಪಿದರೆ ದೇವರು ನನ್ನ ಕೈಬಿಡುತ್ತಾನೆ.

ಇವರ ಹಿನ್ನೆಲೆ ಇಷ್ಟು. ವಯಸ್ಸಾದ ತಂದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಆಮೇಲೆ ಸೋಂಕು ತಗುಲಿತು. 19 ದಿನ ಆಸ್ಪತ್ರೆ. ಇವರು ಒಬ್ಬನೇ ಮಗ, ರಾತ್ರಿಯೆಲ್ಲ ಇವರೇ ಜೊತೆಗಿರುತ್ತಿದ್ದರು. ತಂದೆ ಸಭೆಗೆ ಹೋಗುವುದನ್ನು ಬಿಟ್ಟು ತುಂಬಾ ವರ್ಷವಾಗಿತ್ತು. ಏಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡನೆಯ ಸಲ ಬಂದಾಗ ಒಂದು ಉದ್ದನೆಯ ನೋಟ್‌ಬುಕ್ ತಂದಿದ್ದರು. ಎಂಟು ವರ್ಷದಿಂದ ಬರೆದುಕೊಂಡು ಬಂದ ಪುಸ್ತಕಗಳಲ್ಲಿ ಅದು ಕೊನೆಯದು. ಪ್ರತಿ ಪುಟದಲ್ಲಿ ಸ್ಕೇಲ್ ಹಿಡಿದು ಎಳೆದ ನಾಲ್ಕು ಕಾಲಂ. ಪ್ರಾರ್ಥನೆ, ವಾಕ್ಯ, ಉಪವಾಸ, ಕೂಟ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 1,189 ಅಧ್ಯಾಯಗಳಿವೆ. ದಿನಕ್ಕೆ 3, ಭಾನುವಾರ 5 ಓದಿದರೆ ವರ್ಷಕ್ಕೆ ಒಂದು ಸಲ ಮುಗಿಯುತ್ತದೆ. ಆ ಲೆಕ್ಕದಂತೆ ಎಂಟು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಆ ಪುಟಗಳನ್ನು ನೋಡಿ ನನಗೆ ನಿಜವಾಗಲೂ ಗೌರವ ಬಂತು, ಇದನ್ನು ಹೇಳಲೇಬೇಕು. ಆಮೇಲೆ 19 ಸಾಲು ಖಾಲಿ. ಒಂದೊಂದರ ಪಕ್ಕದಲ್ಲೂ ಕೆಂಪು ಶಾಯಿಯ ಸೊನ್ನೆ.

ಮೂರನೆಯ ಸಲದ ಭೇಟಿಯಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

"ಈ 19 ದಿನ ಬೆಳಿಗ್ಗೆ ಐದಕ್ಕೆ ಎಲ್ಲಿದ್ರಿ?" ಅಂತ ಕೇಳಿದೆ. ಐದು ಅವರ ಪ್ರಾರ್ಥನೆಯ ಹೊತ್ತು.

"ಆಸ್ಪತ್ರೆಯಲ್ಲಿ."

"ಏನು ಮಾಡ್ತಾ ಇದ್ರಿ?"

"ಏನೂ ಇಲ್ಲ ಮೇಡಂ. ಸುಮ್ನೆ ಅಪ್ಪನ ಹತ್ತಿರ ಇದ್ದೆ."

ಯಾವುದಾದರೂ ಒಂದು ದಿನದ್ದು ಪೂರ್ತಿ ಹೇಳಿ ಅಂದೆ. ಮುಜುಗರಪಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ನಾಲ್ಕೂವರೆ ಹೊತ್ತಿಗೆ ಅಪ್ಪ ಹಾಸಿಗೆಯಲ್ಲೇ ಮಾಡಿಕೊಂಡಿರುತ್ತಿದ್ದರು. ಮಗನಿಗೆ ಹೇಳಲು ನಾಚಿಕೆ. ಮುಖವನ್ನು ಗೋಡೆ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ವಾಸನೆಯಿಂದ ಇವರಿಗೆ ಗೊತ್ತಾಗುತ್ತಿತ್ತು. ಬಿಸಿನೀರು ತಂದು ಒರೆಸಿ, ಬಟ್ಟೆ ಬದಲಿಸಿ, ಗಾಯ ಒದ್ದೆಯಾಗದ ಹಾಗೆ ನೋಡಿಕೊಂಡು, ಹೊಸ ಬೆಡ್‌ಶೀಟ್ ಹಾಕುವಷ್ಟರಲ್ಲಿ ಬೆಳಕಾಗುತ್ತಿತ್ತು. "ಪರವಾಗಿಲ್ಲಪ್ಪ, ಆಯ್ತು" ಅಂತ ಅಷ್ಟೇ ಹೇಳುತ್ತಿದ್ದರಂತೆ.

"ಪ್ರಾರ್ಥನೆಗೆ ಟೈಮೇ ಸಿಗ್ತಿರ್ಲಿಲ್ಲ ಮೇಡಂ" ಅಂತ ಮುಗಿಸಿದರು.

ನಾನು ಪೆನ್ನು ಕೊಟ್ಟೆ. "ಆ ದಿನದ ಸಾಲು ಖಾಲಿ ಇದೆ ಅಲ್ವಾ? ಈಗ ಹೇಳಿದ್ದನ್ನು ಅಲ್ಲಿ ಬರೆಯಿರಿ."

ನೋಟ್‌ಬುಕ್ಕಿನ ಮೇಲೆ ಬಗ್ಗಿದರು. ಪೆನ್ನು ಕಾಗದ ಮುಟ್ಟಲಿಲ್ಲ. ನಾಲ್ಕು ಕಾಲಂಗಳನ್ನೂ ಒಂದೊಂದಾಗಿ ನೋಡಿದರು. ತುಂಬಾ ಹೊತ್ತಾದ ಮೇಲೆ ತಲೆ ಎತ್ತಿ ಕೇಳಿದರು.

"ಇದನ್ನು ಯಾವ ಕಾಲಂನಲ್ಲಿ ಬರೀಲಿ?"

ನನ್ನ ಹತ್ತಿರ ಉತ್ತರ ಇತ್ತು. ಹೇಳಲಿಲ್ಲ. ಆ ಪ್ರಶ್ನೆ ಅವರದು, ಅದರ ಜೊತೆ ಅವರೇ ಸ್ವಲ್ಪ ಹೊತ್ತು ಕೂರಲಿ ಅನ್ನಿಸಿತು. ಅವರು ಪುಟ ತಿರುಗಿಸುತ್ತಾ ಕೊನೆಗೆ ಹೋದರು. ಅಲ್ಲಿ ಅವರು ಪ್ರಾರ್ಥಿಸುವ ಜನರ ಪಟ್ಟಿ ಇತ್ತು. "ರಕ್ಷಣೆ ಹೊಂದದವರು" (ಅಂದರೆ ಪಾಪದಿಂದ ಬಿಡುಗಡೆ ಸಿಗದವರು) ಅನ್ನುವ ತಲೆಬರಹದ ಕೆಳಗೆ ಮೊದಲ ಹೆಸರು ತಂದೆಯದು. ಅದನ್ನೇ ನೋಡುತ್ತಾ ಹೇಳಿದರು: "ಒಂದು ರಾತ್ರಿ ಅಪ್ಪ ಪಕ್ಕದ ಬೆಡ್‌ನವರಿಗೆ ಹೇಳ್ತಾ ಇದ್ರು. 'ನನ್ನ ಮಗ ಪ್ರಾರ್ಥನೆ ತಪ್ಪಿಸಿದವನಲ್ಲ. ಈಗ ನನಗೋಸ್ಕರ ಅದನ್ನೂ ಬಿಟ್ಟು ಕೂತಿದ್ದಾನೆ.' ನನಗೆ ಅವತ್ತು ಎದೆಗೆ ಚುಚ್ಚಿದ ಹಾಗಾಯ್ತು, ನಾನು ನಂಬಿಕೆಯಲ್ಲಿ ಹಿಂಜಾರಿದೆ ಅಂತ ಅಪ್ಪನಿಗೂ ಗೊತ್ತಾಯ್ತಲ್ಲಾ ಅಂತ. ಅಪ್ಪ ಹೇಳಿದ್ದು ಆ ಅರ್ಥದಲ್ಲಿ ಅಲ್ವೇನೋ."

ಆಗ ಮತ್ತಾಯನ ಸುವಾರ್ತೆ 25ನೇ ಅಧ್ಯಾಯದ ಕೊನೆಯ ಭಾಗ ಹೇಳಿ ಅಂದೆ. ಅವರಿಗೆ ಅದು ಬಾಯಿಪಾಠ. ಕೊನೆಯ ತೀರ್ಪಿನ ದಿನ ಅರಸನು ಬಲಗಡೆ ನಿಂತ ನೀತಿವಂತರಿಗೆ ಹೇಳುತ್ತಾನೆ: ನಾನು ಹಸಿದಿದ್ದೆ, ಊಟ ಕೊಟ್ಟಿರಿ. ರೋಗಿಯಾಗಿದ್ದೆ, ನೋಡಿಕೊಂಡಿರಿ. "ಅದಕ್ಕೆ ಅವರು ಏನಂತಾರೆ?" ಅಂತ ಕೇಳಿದೆ. "ಸ್ವಾಮೀ, ಯಾವಾಗ ಅಂತ..." ಅಲ್ಲಿಗೆ ನಿಲ್ಲಿಸಿದರು. ಎಷ್ಟೋ ಸಲ ಓದಿದ ಮಾತು. ಆ ಜನರಿಗೆ ತಾವು ಮಾಡಿದ್ದು ನೆನಪೇ ಇಲ್ಲ. ಅವರ ಹತ್ತಿರ ಲೆಕ್ಕದ ಪುಸ್ತಕವೇ ಇರಲಿಲ್ಲ.

ಆಪ್ತಸಲಹೆಗಾರರು ಸತ್ಯವೇದ ತೆಗೆಯಬಹುದಾ ಅಂತ ನನ್ನ ಜೊತೆ ಕೆಲಸ ಮಾಡುವವರು ಕೇಳಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ನಾನು ಕ್ರೈಸ್ತಳು. ಆದರೆ ಸಲಹೆಗೆ ಬಂದವರಿಗೆ ನನ್ನ ನಂಬಿಕೆಯನ್ನು ಹೇರುವುದಿಲ್ಲ. ಬೇರೆ ನಂಬಿಕೆಯವರು, ಯಾವ ನಂಬಿಕೆಯೂ ಇಲ್ಲದವರು ಬಂದಾಗ ಈ ಮಾತೇ ಎತ್ತುವುದಿಲ್ಲ. ಇವರು ತಮ್ಮ ಭಯವನ್ನು ಆ ಪುಸ್ತಕದ ಮಾತಿನಲ್ಲೇ ಕಟ್ಟಿಕೊಂಡು ಬಂದಿದ್ದರು. ಅದನ್ನು ಬಿಚ್ಚಲು ಅದೇ ಮಾತು ಬೇಕಿತ್ತು. ಹೊರಗಿನಿಂದ ಯಾರೋ "ಇಷ್ಟೆಲ್ಲ ಯಾಕೆ ತಲೆಕೆಡಿಸ್ಕೋತೀರಿ" ಅಂದಿದ್ದರೆ ಅವರ ಭಯ ಇನ್ನೂ ಗಟ್ಟಿಯಾಗುತ್ತಿತ್ತು.

ಸಲಹೆ ಕೊಡುವ ಮೊದಲು ಇನ್ನೊಂದು ವಿಷಯ ನೋಡಬೇಕಿತ್ತು. ತಪ್ಪು ಮಾಡಿದೆನೋ ಅನ್ನುವ ಶಂಕೆ ಬಿಡದೆ ಕಾಡುವುದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು, ಇದು ಕೆಲವರಲ್ಲಿ ಒಸಿಡಿ ಅನ್ನುವ ಗೀಳು ಕಾಯಿಲೆಯ ಒಂದು ರೂಪ. ಇಂಗ್ಲಿಷಿನಲ್ಲಿ ಇದಕ್ಕಿರುವ ಸ್ಕ್ರೂಪುಲಾಸಿಟಿ ಅನ್ನುವ ಹೆಸರು, ಚೂಪಾದ ಸಣ್ಣ ಕಲ್ಲು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಚಪ್ಪಲಿಯೊಳಗೆ ಅಂಥದ್ದೊಂದು ಕಲ್ಲು ಸೇರಿದರೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ನಂಬಿಕೆ ಕಮ್ಮಿ ಇದ್ದವರಿಗೇ ಇದು ಬರುತ್ತದೆ ಅಂತ ಯಾರೂ ತಿಳಿಯಬಾರದು. ಪ್ರೊಟೆಸ್ಟಂಟ್ ಸುಧಾರಣೆ ಆರಂಭಿಸಿದ ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಪಾಪ ನಿವೇದನೆಗೆ, ಅಂದರೆ ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳಲು, ಗಂಟೆಗಟ್ಟಲೆ ಕೂರುತ್ತಿದ್ದರು. ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಒಮ್ಮೆ ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಬೇಕು ಅನ್ನಿಸಿ ನರಳಿದರು. ಹಳೆಯದನ್ನು ಇನ್ನು ನಿವೇದಿಸುವುದಿಲ್ಲ ಅಂತ ತೀರ್ಮಾನಿಸಿದ ಮೇಲೆ ಅವರಿಗೆ ಬಿಡುಗಡೆ ಸಿಕ್ಕಿತು. ಈ ತೊಂದರೆಗೆ ಇವತ್ತು ಔಷಧಿಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ. ಭಯ ಹೇಳಿದ್ದನ್ನು ಮಾಡದೆ ಇರಲು ಅಭ್ಯಾಸ ಮಾಡಿಸುವುದೇ ಆ ಚಿಕಿತ್ಸೆಯ ಮುಖ್ಯ ಭಾಗ. ಇವರನ್ನೂ ಮನೋವೈದ್ಯರ ಹತ್ತಿರ ಕಳಿಸಿದೆ. ಔಷಧಿಯ ಅಗತ್ಯ ಈಗ ಇಲ್ಲ, ನಿದ್ದೆ ಸರಿ ಹೋಗದಿದ್ದರೆ ಮತ್ತೆ ಬನ್ನಿ ಅಂದರು.

ನಾನು ಹೇಳಿದ್ದು ಇದು. ಬಾಕಿಯನ್ನು ತೀರಿಸಬೇಡಿ. ಒಂದು ಗಂಟೆಯನ್ನೂ, ಒಂದು ಅಧ್ಯಾಯವನ್ನೂ ತೀರಿಸಬೇಡಿ. ತೀರಿಸಿದಷ್ಟೂ ಭಯಕ್ಕೆ ಬಲ ಬರುತ್ತದೆ. 40 ದಿನ ನೋಟ್‌ಬುಕ್ ಮುಚ್ಚಿಡಿ. ಪ್ರಾರ್ಥನೆ ಬಿಡಬೇಡಿ, ಎಣಿಸುವುದನ್ನು ಬಿಡಿ. ದಿನಕ್ಕೊಂದು ಸಲ ಅಪ್ಪನ ಕೋಣೆಯಲ್ಲಿ ಕೂತು ಕರ್ತನ ಪ್ರಾರ್ಥನೆ ಹೇಳಿ. ಅದಕ್ಕೆ ಒಂದು ನಿಮಿಷ ಸಾಕು, ಯೇಸು ಶಿಷ್ಯರಿಗೆ ಕಲಿಸಿದ್ದೇ ಅಷ್ಟು. ಅಪ್ಪ ಸೇರಿಕೊಳ್ಳಲಿ ಅಂತ ಕಾಯಬೇಡಿ. ದಿನಕ್ಕೊಂದು ಪ್ರಶ್ನೆ ಅವರನ್ನು ಕೇಳಿ, ಅದು ರಕ್ಷಣೆಯ ಬಗ್ಗೆ ಇರಬಾರದು. ಇದನ್ನೆಲ್ಲ ನಿಮ್ಮ ಪಾಸ್ಟರ್‌ಗೂ ಹೇಳಿ, ಬಚ್ಚಿಟ್ಟುಕೊಂಡು ಮಾಡಬೇಡಿ.

ಪಾಸ್ಟರ್ ಒಪ್ಪಿದರು. ಸಭೆಯ ಇನ್ನೊಬ್ಬ ಹಿರಿಯರು ಒಪ್ಪಲಿಲ್ಲ. ಇವರಿಂದಲೇ ನಂಬರ್ ಪಡೆದು ನನಗೆ ಫೋನ್ ಮಾಡಿದರು. "ಪ್ರಾರ್ಥನೆ ಬಿಡಿ ಅಂತ ಜನರಿಗೆ ಹೇಳ್ತೀರಂತೆ, ಹೌದಾ?" ಅಂದರು. ಸಲಹೆಗೆ ಬಂದವರ ವಿಷಯ ನಾನು ಬೇರೆಯವರ ಜೊತೆ ಮಾತಾಡುವಂತಿಲ್ಲ, ಅಷ್ಟೇ ಹೇಳಿ ಫೋನ್ ಇಟ್ಟೆ. ಅವರಿಗೆ ಹೇಳಬೇಕಿದ್ದ ಮಾತು ಮನಸ್ಸಿನಲ್ಲೇ ಉಳಿಯಿತು. ಅದನ್ನು ಇಲ್ಲಿ ಹೇಳುತ್ತೇನೆ.

ನೇಮಗಳ ಮೇಲೆ ನನಗೆ ಸಿಟ್ಟಿಲ್ಲ. ಬಳ್ಳಿಗೆ ಚಪ್ಪರ ಬೇಕು. ನೇಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರಾದ ಫರಿಸಾಯರು ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ದೇವರಿಗೆ ಕೊಟ್ಟು ನ್ಯಾಯ, ಕರುಣೆ, ನಂಬಿಗಸ್ತಿಕೆಯನ್ನು ಬಿಟ್ಟಿದ್ದಾರೆ ಅಂತ ಯೇಸು ಗದರಿದಾಗಲೂ, ದಶಮಾಂಶ ಬೇಡ ಅನ್ನಲಿಲ್ಲ. ಇವನ್ನೂ ಮಾಡಬೇಕು, ಅವನ್ನೂ ಬಿಡಬಾರದು ಅಂದರು. ಆದರೆ ಎರಡರಲ್ಲಿ ಒಂದನ್ನು ಆರಿಸಬೇಕಾದ ಬೆಳಿಗ್ಗೆ ಬಂದಾಗ ಯಾವುದು ಮೊದಲು ಅನ್ನುವುದನ್ನೂ ಅವರೇ ತೋರಿಸಿದ್ದಾರೆ. ಮಾರ್ಕನ ಸುವಾರ್ತೆ 7ನೇ ಅಧ್ಯಾಯದಲ್ಲಿ ಕೊರ್ಬಾನಿನ ಮಾತು ಬರುತ್ತದೆ. ತಂದೆ ತಾಯಿಗೆ ಸಲ್ಲಬೇಕಾದದ್ದನ್ನು "ಇದು ದೇವರಿಗೆ ಮೀಸಲು" ಅಂದುಬಿಟ್ಟರೆ ಆಯಿತು, ಅವರನ್ನು ನೋಡಿಕೊಳ್ಳಬೇಕಾಗಿಲ್ಲ ಅನ್ನುವ ಸಂಪ್ರದಾಯ ಬೆಳೆದಿತ್ತು. ನೀವು ಸಂಪ್ರದಾಯದಿಂದ ದೇವರ ಮಾತನ್ನೇ ತಳ್ಳಿಹಾಕಿದಿರಿ ಅಂತ ಯೇಸು ಅದನ್ನು ಖಂಡಿಸಿದರು. ಬೆಳಿಗ್ಗೆ ಐದು ಗಂಟೆ ದೇವರಿಗೆ ಮೀಸಲು ಅಂತ ಈ ಮನುಷ್ಯ ತಂದೆಯನ್ನು ಒದ್ದೆ ಹಾಸಿಗೆಯಲ್ಲಿ ಬಿಟ್ಟು ಹೋಗಿದ್ದರೆ ನೋಟ್‌ಬುಕ್ ತುಂಬಿರುತ್ತಿತ್ತು. ಅವರು ಬಿಟ್ಟು ಹೋಗಲಿಲ್ಲ. ಪಾಠವನ್ನು ಅವರು ಮೊದಲೇ ಬದುಕಿ ಆಗಿತ್ತು. ಅದಕ್ಕೆ ಸೊನ್ನೆ ಹಾಕಿಕೊಂಡಿದ್ದರು ಅಷ್ಟೇ, ನನಗೆ ಸಂಕಟವಾಗಿದ್ದು ಅದೇ.

ಹಣೆಪಟ್ಟಿಯ ವಿಷಯವೂ ಹಾಗೇ. ನಾವು ಎಷ್ಟು ಬೇಗ ಒಬ್ಬರನ್ನು "ಹೆಸರಿಗಷ್ಟೇ ಕ್ರೈಸ್ತ", "ಹಿಂಜಾರಿದವಳು" ಅಂದುಬಿಡುತ್ತೇವೆ! ಕ್ರೈಸ್ತರು ಅನ್ನುವ ಹೆಸರು ಹೊಸ ಒಡಂಬಡಿಕೆಯಲ್ಲಿ ಬರುವುದೇ ಮೂರು ಸಲ. ಶಿಷ್ಯರಿಗೆ ಆ ಹೆಸರು ಮೊದಲು ಬಂದದ್ದು ಅಂತಿಯೋಕ್ಯ ಪಟ್ಟಣದಲ್ಲಿ ಅಂತ ಅಪೊಸ್ತಲರ ಕೃತ್ಯಗಳು ಅನ್ನುವ ಪುಸ್ತಕ ಹೇಳುತ್ತದೆ. ತನ್ನವರನ್ನು ಲೋಕ ಹೇಗೆ ಗುರುತಿಸುತ್ತದೆ ಅಂತ ಯೇಸು ಹೇಳಿದಾಗ ಹೆಸರಿನ ಮಾತು ಬರಲಿಲ್ಲ. ನಿಮ್ಮ ನಿಮ್ಮ ನಡುವೆ ಪ್ರೀತಿ ಇದ್ದರೆ ಎಲ್ಲರಿಗೂ ಗೊತ್ತಾಗುತ್ತದೆ ಅಂದರು. ಯಾರು ಒಳಗೆ, ಯಾರು ಹೊರಗೆ ಅಂತ ಬರೆದಿಡುವ ಕೆಲಸ ನಮಗೆ ಕೊಟ್ಟದ್ದಲ್ಲ. ತಂದೆಯ ಹೆಸರು ಆ ಪಟ್ಟಿಯಲ್ಲಿ ಇರಬೇಕಾ ಬೇಡವಾ ಅಂತ ಇವರು ನನ್ನನ್ನು ಕೇಳಿದರು. ಹೆಸರು ಇರಲಿ, ಅಪ್ಪನಿಗಾಗಿ ಪ್ರಾರ್ಥಿಸಿ, ತಲೆಬರಹ ಬೇಕಾ ಅಂತ ಮಾತ್ರ ಯೋಚಿಸಿ ಅಂದೆ.

40 ದಿನ ಸಲೀಸಾಗಿ ಕಳೆಯಲಿಲ್ಲ. ಎರಡನೆಯ ವಾರ ಒಂದು ರಾತ್ರಿ ತಡೆಯಲಾರದೆ ಎದ್ದು 11 ಅಧ್ಯಾಯ ಓದಿದರಂತೆ. ಮರುದಿನ ತಪ್ಪೊಪ್ಪಿಕೊಳ್ಳುವವರ ಹಾಗೆ ಫೋನ್ ಮಾಡಿದರು. ಅದನ್ನೂ ಲೆಕ್ಕಕ್ಕೆ ಸೇರಿಸಬೇಡಿ ಅಂದೆ. ಅಪ್ಪನನ್ನು ಕೇಳಲು ಪ್ರಶ್ನೆಯೇ ತೋಚುವುದಿಲ್ಲ ಅಂದರು ಒಂದು ಸಲ. ಇಷ್ಟು ವರ್ಷ ಒಂದೇ ಪ್ರಶ್ನೆ ಕೇಳಿ ಅಭ್ಯಾಸ ಆಗಿತ್ತಲ್ಲ.

ಹೋದ ವಾರ ಮಾತಾಡಿದೆವು. ನಿದ್ದೆ ಬರುತ್ತಿದೆ. ಕರ್ತನ ಪ್ರಾರ್ಥನೆ ಹೇಳುವಾಗ ಅಪ್ಪ ಸೇರಿಕೊಳ್ಳುವುದಿಲ್ಲ, ಟಿವಿಯ ಸದ್ದು ಮಾತ್ರ ಕಮ್ಮಿ ಮಾಡುತ್ತಾರೆ. ಮೊನ್ನೆ ಅಪ್ಪನೇ "ಏನಾದ್ರೂ ಓದು" ಅಂದರಂತೆ. ಇವರು ಲೂಕನ ಸುವಾರ್ತೆ ತೆಗೆದು ಓದಲು ಕೂತರು. ಸ್ವಲ್ಪ ಹೊತ್ತಿಗೆ ಅಪ್ಪನಿಗೆ ನಿದ್ದೆ ಹತ್ತಿತು.

"ಅರ್ಧ ಅಧ್ಯಾಯ ಆಗಿತ್ತು ಮೇಡಂ" ಅಂದರು. "ಅಲ್ಲಿಗೇ ನಿಲ್ಲಿಸಿ ಲೈಟ್ ಆರಿಸಿದೆ."